ಒಂದೇ ದಿನ ನನಗೆ ಸಿಕ್ಕ ಎರಡು ಹೆಸರು

ಅಪ್ಪನ ಬಲಗಾಲಿನ ಅಡಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯ ಆಗಿತ್ತು. ಅದನ್ನು ಮೊದಲು ಕಂಡಿದ್ದು ಅಪ್ಪ ಅಲ್ಲ, ನಾನು. ಹಾಸಿಗೆಯ ಮೇಲೆ ಕಲೆ ನೋಡಿ, ಇದು ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿತು. ಸಕ್ಕರೆ ಕಾಯಿಲೆ ಶುರುವಾಗಿ ಬಹಳ ವರ್ಷವಾಗಿತ್ತು. ಪಾದದ ನರಗಳು ಸೋತಿದ್ದವು. ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ನೋವೇ ಇಲ್ಲದ ಗಾಯವನ್ನು ಯಾರು ತಾನೇ ಬಗ್ಗಿ ನೋಡುತ್ತಾರೆ? ಆಸ್ಪತ್ರೆ ತಲುಪುವಷ್ಟರಲ್ಲಿ ಸೋಂಕು ಮೂಳೆಗೆ ಇಳಿದಿತ್ತು. ಎರಡು ಬೆರಳು ತೆಗೆದರು.

ಇದನ್ನೆಲ್ಲ ನಾನು ಒಮ್ಮೆ ಒಬ್ಬ ಆರೋಗ್ಯ ಕಾರ್ಯಕರ್ತೆಯ ಹತ್ತಿರ ಹೇಳಿಕೊಂಡಿದ್ದೆ. ಅವರು ಮರೆತಿರಲಿಲ್ಲ. ಒಂದು ವರ್ಷದ ನಂತರ ಫೋನ್ ಮಾಡಿದರು. "ಸಕ್ಕರೆ ಕಾಯಿಲೆ ಇರೋರು ಕಾಲಿನ ಗಾಯಕ್ಕೆ ಯಾಕೆ ತಡವಾಗಿ ಆಸ್ಪತ್ರೆಗೆ ಬರ್ತಾರೆ ಅಂತ ಒಂದು ತಂಡ ಸಂಶೋಧನೆ ಮಾಡ್ತಿದೆ. ಅನುಭವ ಇರೋರು ಬೇಕಂತೆ. ಬರ್ತೀರಾ?" ಅಂದರು.

ಹೋದೆ. ಮೊದಲ ದಿನವೇ ನನ್ನ ಮುಂದೆ ಎರಡು ಕಾಗದ ಇಟ್ಟರು. ಒಂದರಲ್ಲಿ ನನ್ನ ಹೆಸರಿನ ಎದುರು "ಭಾಗವಹಿಸುವವರು" ಅಂತ ಇತ್ತು. ಇನ್ನೊಂದರಲ್ಲಿ "ಸಮುದಾಯ ಪಾಲುದಾರರು" ಅಂತ ಇತ್ತು. ಇದೇನು ವ್ಯತ್ಯಾಸ ಅಂತ ಕೇಳಿದೆ. ಕಾಗದ ಕೊಟ್ಟ ಹುಡುಗ, "ಎರಡೂ ಒಂದೇ ಮೇಡಂ, ಸೈನ್ ಮಾಡಿ" ಅಂದ.

ಪಕ್ಕದಲ್ಲೇ ನಿಂತಿದ್ದ ಮುಖ್ಯ ಸಂಶೋಧಕಿ ಅದನ್ನು ಕೇಳಿಸಿಕೊಂಡರು. ಬಂದು ಎರಡೂ ಕಾಗದ ವಾಪಸ್ ತೆಗೆದುಕೊಂಡರು. "ಒಂದೇ ಅಲ್ಲ. ಇವತ್ತು ಯಾರೂ ಸೈನ್ ಮಾಡೋದು ಬೇಡ. ಮೊದಲು ಮಾತಾಡೋಣ," ಅಂದರು. ಆ ದಿನದ ಉಳಿದ ಕೆಲಸ ಎಲ್ಲ ನಿಂತುಹೋಯಿತು. ಆ ಒಂದು ಗಂಟೆಗೆ ನಾನು ಇವತ್ತಿಗೂ ಋಣಿ.

ಅವರು ಹೇಳಿದ್ದು ಇಷ್ಟು. ಭಾಗವಹಿಸುವವರು ಅಂದರೆ ಅಧ್ಯಯನಕ್ಕೆ ತಮ್ಮ ಮಾಹಿತಿ ಕೊಡುವವರು. ಅವರ ರಕ್ತ, ಅವರ ಉತ್ತರ, ಅವರ ಕಾಲಿನ ಅಳತೆ. ಅವರನ್ನು ಕಾಪಾಡಲು ಒಪ್ಪಿಗೆ ಪತ್ರ ಇರುತ್ತದೆ. ಯಾವಾಗ ಬೇಕಾದರೂ, ಕಾರಣ ಹೇಳದೆ, ಹೊರಗೆ ಹೋಗಬಹುದು. ಪಾಲುದಾರರು ಅಂದರೆ ಏನು ಕೇಳಬೇಕು, ಹೇಗೆ ಕೇಳಬೇಕು, ಸಿಕ್ಕಿದ್ದರ ಅರ್ಥ ಏನು ಅಂತ ಸಂಶೋಧಕರ ಜೊತೆ ಕೂತು ತೀರ್ಮಾನ ಮಾಡುವವರು. ಅವರ ಮೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ ಪತ್ರ. ಯಾರ ಕೆಲಸ ಏನು, ಸಮಯಕ್ಕೆ ಸಂಭಾವನೆ ಎಷ್ಟು, ಭಿನ್ನಾಭಿಪ್ರಾಯ ಬಂದರೆ ಏನು ಮಾಡುವುದು ಅನ್ನುವ ಒಡಂಬಡಿಕೆ ಪತ್ರ.

ಒಬ್ಬರೇ ಎರಡೂ ಆಗಬಾರದು ಅಂತ ನಿಯಮ ಏನಿಲ್ಲ. ಆದರೆ ನಾವು ಪ್ರಶ್ನೆಗಳನ್ನು ಮೊದಲೇ ನೋಡಿರುತ್ತೇವೆ. ಆಮೇಲೆ ಅದೇ ಪ್ರಶ್ನೆಗೆ ನಾವೇ ಉತ್ತರ ಕೊಟ್ಟರೆ ಆ ಉತ್ತರ ಸಹಜವಾಗಿರುವುದಿಲ್ಲ, ಅಲ್ವಾ? ಹಾಗಾಗಿ ಪಾಲುದಾರರ ಗ್ರೂಪಿನಲ್ಲಿ ಇರುವವರು ಸರ್ವೆಯಲ್ಲಿ ಇರಬಾರದು ಅಂತ ನಾವೇ ತೀರ್ಮಾನಿಸಿದೆವು. ನಾನು ಪಾಲುದಾರಳಾದೆ. ಅಪ್ಪ ಆಮೇಲೆ ತಮ್ಮ ಇಷ್ಟದಿಂದ ಭಾಗವಹಿಸಿದರು. ಅವರ ಸಂದರ್ಶನಕ್ಕೆ ಬೇರೆಯವರು ಬಂದರು. ನಾನು ಆ ಹೊತ್ತು ಮನೆಯಲ್ಲಿ ಇರಲಿಲ್ಲ.

ನನಗೆ ಈ ವ್ಯತ್ಯಾಸ ಇಷ್ಟು ತಾಗಲು ಒಂದು ಹಳೆಯ ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಒಂದು ತಂಡ ಮನೆ ಮನೆಗೆ ಬಂದಿತ್ತು. ತೂಕ, ಎತ್ತರ ಬರೆದುಕೊಂಡರು, ರಕ್ತ ತೆಗೆದರು. ರಿಪೋರ್ಟ್ ಕಳಿಸ್ತೀವಿ ಅಂದರು. ಅಮ್ಮ ತಿಂಗಳುಗಟ್ಟಲೆ ಕಾದರು. ಬರಲೇ ಇಲ್ಲ. ತಮ್ಮ ರಕ್ತದಲ್ಲಿ ಏನೋ ಕೆಟ್ಟದ್ದು ಕಂಡಿದೆ, ಹೇಳೋಕೆ ಹೆದರಿದ್ದಾರೆ ಅಂತ ಅವರು ಕೊನೆಯವರೆಗೂ ನಂಬಿದ್ದರು. ಇಂಥ ಕೆಲಸಕ್ಕೆ ಸಂಶೋಧಕರೇ ಒಂದು ಹೆಸರು ಇಟ್ಟಿದ್ದಾರೆ ಅಂತ ನನಗೆ ಈಗ ಗೊತ್ತಾಯಿತು. ಹೆಲಿಕಾಪ್ಟರ್ ಸಂಶೋಧನೆ. ಮೇಲಿಂದ ಇಳಿಯುವುದು, ಬೇಕಾದ್ದು ತುಂಬಿಕೊಳ್ಳುವುದು, ಹಾರಿಹೋಗುವುದು. ಹೆಸರು ಸಿಕ್ಕಿದ್ದರಿಂದ ಅಮ್ಮನ ಭಯ ಅಳಿಯಲಿಲ್ಲ. ಆದರೆ ಅದು ನಮ್ಮೊಬ್ಬರಿಗೇ ಆದದ್ದಲ್ಲ ಅಂತ ತಿಳಿಯಿತು.

ಎರಡನೇ ಮೀಟಿಂಗ್ ಪೂರ್ತಿ "ಸಮುದಾಯ" ಅನ್ನುವ ಒಂದು ಪದಕ್ಕೇ ಹೋಯಿತು. ಕನ್ನಡದಲ್ಲಿ ಈ ಪದ ಸ್ವಲ್ಪ ಕಷ್ಟ ಕೊಡುತ್ತದೆ. ಸಮುದಾಯ ಅಂದ ಕೂಡಲೇ ನಮ್ಮ ಕಿವಿಗೆ ಕೇಳುವುದು ಜಾತಿ, ಇಲ್ಲ ಧರ್ಮ. "ನೀವು ಯಾವ ಸಮುದಾಯದವರು?" ಅಂತ ಯಾರಾದರೂ ಕೇಳಿದರೆ ಅವರು ಕಾಯಿಲೆಯ ಬಗ್ಗೆ ಕೇಳುತ್ತಿಲ್ಲ ಅಂತ ಎಲ್ಲರಿಗೂ ಗೊತ್ತು. ಸಂಶೋಧನೆಯಲ್ಲಿ ಅರ್ಥ ಬೇರೆ. ಒಂದೇ ಕಡೆ ವಾಸ ಮಾಡುವವರು, ಒಂದೇ ಕಾಯಿಲೆ ಇರುವವರು, ಒಂದೇ ಕೆಲಸ ಮಾಡುವವರು, ಒಂದೇ ತೊಂದರೆ ಹಂಚಿಕೊಂಡವರು, ಯಾರು ಬೇಕಾದರೂ ಸಮುದಾಯ ಆಗಬಹುದು. ಅದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಆಮೇಲೆ ಎಲ್ಲವೂ ಎಡವಟ್ಟು.

ನಮ್ಮಲ್ಲಿ ಸಂಶೋಧಕರ ಪಟ್ಟಿಯಲ್ಲಿ ಸಮುದಾಯ ಅಂದರೆ ಸಕ್ಕರೆ ಕಾಯಿಲೆ ಇದ್ದು ಕಾಲಿಗೆ ಗಾಯ ಆದವರು. ಅಷ್ಟೇ. ನಾನು ಆ ಪಟ್ಟಿಯಲ್ಲಿ ಇರಲೇ ಇಲ್ಲ, ಯಾಕೆಂದರೆ ನನಗೆ ಸಕ್ಕರೆ ಕಾಯಿಲೆ ಇಲ್ಲ. ಗಾಯ ಕಂಡವಳು ನಾನು, ಡ್ರೆಸ್ಸಿಂಗ್ ಬದಲಿಸಿದವಳು ನಾನು, ರಜೆ ಹಾಕಿ ಆಸ್ಪತ್ರೆಯ ಸಾಲಿನಲ್ಲಿ ನಿಂತವಳು ನಾನು. ಹಾಗಾದರೆ ನಾನು ಯಾರು? ಇದನ್ನು ನಾನು ಕೇಳಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ "ಆರೈಕೆ ಮಾಡುವವರು" ಅಂತ ಒಂದು ಸಾಲು ಸೇರಿತು. ಒಬ್ಬ ಹಿರಿಯರು ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು. ಅವರು ಇನ್ನೊಂದು ಮಾತು ಹೇಳಿದರು. "ಮೀಟಿಂಗಿಗೆ ಬರೋಕೆ ಆಗೋರು ಮಾತ್ರ ಇಲ್ಲಿ ಬಂದಿದೀವಿ. ಹಾಸಿಗೆ ಬಿಟ್ಟು ಏಳೋಕೆ ಆಗದೇ ಇರೋರ ಪರವಾಗಿ ನಾವು ಮಾತಾಡ್ತೀವಿ ಅಂತ ಬರ್ಕೋಬೇಡಿ." ಆ ಮಾತನ್ನು ನಾವು ಹಾಗೆಯೇ ಟಿಪ್ಪಣಿಯಲ್ಲಿ ಸೇರಿಸಿದೆವು. ಸಮುದಾಯದ ಪ್ರತಿನಿಧಿ ಅನ್ನುವ ಪದವನ್ನು ನಾನು ಆವತ್ತಿನಿಂದ ತುಂಬಾ ಜೋಪಾನವಾಗಿ ಬಳಸುತ್ತೇನೆ.

ಇನ್ನು "ತೊಡಗಿಸಿಕೊಳ್ಳುವುದು" ಅನ್ನುವ ಪದ. ಇದರ ಒಳಗೆ ಎಷ್ಟು ಬೇರೆ ಬೇರೆ ಕೆಲಸ ಅಡಗಿದೆ ಅಂತ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಕೋಆರ್ಡಿನೇಟರ್ ಒಂದು ದಿನ ಬೋರ್ಡಿನ ಮೇಲೆ ಏಣಿ ಬರೆದರು. 1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೈನ್ ಕೊಟ್ಟ ಏಣಿ ಅದು. ಅವರು ಬರೆದದ್ದು ಆರೋಗ್ಯದ ಬಗ್ಗೆ ಅಲ್ಲ, ನಗರಗಳ ಅಭಿವೃದ್ಧಿ ಯೋಜನೆಗಳಲ್ಲಿ ಜನರಿಗೆ ಎಷ್ಟು ಅಧಿಕಾರ ಇದೆ ಅನ್ನುವುದರ ಬಗ್ಗೆ. 8 ಮೆಟ್ಟಿಲು. ಕೆಳಗಿನ ಎರಡರಲ್ಲಿ ಜನರಿಗೆ ಯಾವ ಪಾಲೂ ಇಲ್ಲ, ಅವರನ್ನು ಒಪ್ಪಿಸುವುದು, ಇಲ್ಲ ಅವರನ್ನೇ ತಿದ್ದುವುದು, ಅಷ್ಟೇ. ನಡುವಿನ ಮೂರರಲ್ಲಿ ವಿಷಯ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಕುರ್ಚಿ ಕೊಟ್ಟು ಕೂರಿಸುತ್ತಾರೆ. ತೀರ್ಮಾನ ಮಾತ್ರ ಅಧಿಕಾರದಲ್ಲಿ ಇರುವವರದೇ. ಆರ್ನ್‌ಸ್ಟೈನ್ ಇವನ್ನು ತೋರಿಕೆಯ ಭಾಗವಹಿಸುವಿಕೆ ಅಂತ ಕರೆದರು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಹಂಚಿಕೆ ಆಗುತ್ತದೆ.

"ನಮ್ಮ ಗ್ರೂಪ್ ಯಾವ ಮೆಟ್ಟಿಲಿನ ಮೇಲಿದೆ, ನೀವೇ ಹೇಳಿ," ಅಂದರು ಕೋಆರ್ಡಿನೇಟರ್. ನಾವು ನಾಲ್ಕನೆಯದು ಅಥವಾ ಐದನೆಯದು ಅಂದೆವು. ಸಂಶೋಧಕರು ಅದಕ್ಕಿಂತ ಮೇಲೆ ಅಂದುಕೊಂಡಿದ್ದರು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ವಾದ ಮಾಡಲಿಲ್ಲ. ಮುಖ್ಯ ಸಂಶೋಧಕಿ ಒಂದು ಸತ್ಯ ಒಪ್ಪಿಕೊಂಡರು. ನಾವು ಬರುವ ಮೊದಲೇ ಯೋಜನೆಗೆ ಹಣ ಮಂಜೂರಾಗಿತ್ತು. ಏನನ್ನು ಸಂಶೋಧನೆ ಮಾಡಬೇಕು ಅನ್ನುವ ದೊಡ್ಡ ಪ್ರಶ್ನೆ ಆಗಲೇ ತೀರ್ಮಾನವಾಗಿತ್ತು. ನಮಗೆ ಉಳಿದದ್ದು ಅದನ್ನು ಹೇಗೆ ಮಾಡುವುದು ಅನ್ನುವ ಭಾಗ. ಇದನ್ನು ಅವರು ಮೊದಲ ದಿನವೇ ಹೇಳಬೇಕಿತ್ತು. ತಡವಾಗಿಯಾದರೂ ಹೇಳಿದರು. ಅಲ್ಲಿಂದ ನನಗೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಪದಗಳ ವಿಷಯದಲ್ಲಿ ಇನ್ನೊಂದು ತೊಡಕು. ಒಂದೇ ಇಂಗ್ಲಿಷ್ ಪದಕ್ಕೆ ದೇಶದಿಂದ ದೇಶಕ್ಕೆ ಅರ್ಥ ಬದಲಾಗುತ್ತದೆ. ಬ್ರಿಟನ್ನಿನ ಆರೋಗ್ಯ ಸಂಶೋಧನೆಯಲ್ಲಿ "ಇನ್ವಾಲ್ವ್‌ಮೆಂಟ್" ಅಂದರೆ ಜನರ ಜೊತೆ ಸೇರಿ ಸಂಶೋಧನೆ ಮಾಡುವುದು. "ಎಂಗೇಜ್‌ಮೆಂಟ್" ಅಂದರೆ ಸಂಶೋಧನೆಯ ವಿಷಯವನ್ನು ಜನರಿಗೆ ತಲುಪಿಸುವುದು. "ಪಾರ್ಟಿಸಿಪೇಷನ್" ಅಂದರೆ ಅಧ್ಯಯನದಲ್ಲಿ ಮಾಹಿತಿ ಕೊಡುವವರಾಗಿ ಇರುವುದು. ಅಮೆರಿಕದಲ್ಲಿ ಎಂಗೇಜ್‌ಮೆಂಟ್ ಅನ್ನುವುದೇ ದೊಡ್ಡ ಪದ. ವಿಷಯ ತಲುಪಿಸುವುದರಿಂದ ಹಿಡಿದು ನಾಯಕತ್ವ ಹಂಚಿಕೊಳ್ಳುವವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ಹಾಗಾಗಿ ಯಾರಾದರೂ ಈ ಪದ ಹೇಳಿದರೆ ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಯಾವ ತೀರ್ಮಾನ ನಮ್ಮ ಕೈಯಲ್ಲಿದೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಪ್ರಶ್ನಾವಳಿ ನೋಡಿದ ದಿನ.

ಒಂಬತ್ತನೇ ಪ್ರಶ್ನೆ ಹೀಗಿತ್ತು. "ಗಾಯ ಆದ ಎಷ್ಟು ದಿನಕ್ಕೆ ಆಸ್ಪತ್ರೆಗೆ ಹೋದಿರಿ?" ನೋಡಲು ಸರಳ. ಇಡೀ ಅಧ್ಯಯನ ನಿಂತಿದ್ದೇ ಈ ಪ್ರಶ್ನೆಯ ಮೇಲೆ, ಯಾಕೆಂದರೆ "ತಡ" ಅನ್ನುವುದನ್ನು ಇದರಿಂದಲೇ ಲೆಕ್ಕ ಹಾಕುತ್ತಿದ್ದರು. ನಾನು ಓದಿ ಅಲ್ಲೇ ನಿಂತೆ. ಅಪ್ಪನನ್ನು ಕೇಳಿದರೆ ಏನು ಹೇಳುತ್ತಾರೆ? ಗಾಯ ಯಾವತ್ತು ಆಯಿತು ಅಂತ ಅವರಿಗೆ ಗೊತ್ತೇ ಇಲ್ಲ. ನಾನು ಕಂಡ ದಿನ ಗೊತ್ತು, ಆಸ್ಪತ್ರೆಗೆ ಹೋದ ದಿನ ಗೊತ್ತು. ನಾನು ಕಂಡ ಮರುದಿನವೇ ಹೋಗಿದ್ದೆವು. ಹಾಗಾಗಿ ಅಪ್ಪ "ಒಂದು ದಿನ" ಅನ್ನುತ್ತಾರೆ. ಕಾಗದದ ಮೇಲೆ ಅಪ್ಪ ತಡ ಮಾಡದ ರೋಗಿ. ಆದರೆ ಆ ಹೊತ್ತಿಗೆ ಸೋಂಕು ಮೂಳೆ ಮುಟ್ಟಿತ್ತು.

ಇದನ್ನು ಹೇಳಿದೆ. ಸಂಖ್ಯಾಶಾಸ್ತ್ರ ನೋಡಿಕೊಳ್ಳುವವರು ಪೆನ್ನು ಕೆಳಗಿಟ್ಟರು. ಕಾಲು ಕಳೆದುಕೊಂಡ ಹಿರಿಯರು, "ನನ್ನದನ್ನ ಕಂಡಿದ್ದು ನನ್ನ ಮೊಮ್ಮಗಳು," ಅಂದರು. ಇನ್ನೊಬ್ಬರು, "ನನ್ನದನ್ನ ನನ್ನ ಹೆಂಡತಿ," ಅಂದರು. ಮತ್ತೊಬ್ಬರದನ್ನು ಚಪ್ಪಲಿ ಅಂಗಡಿಯವರು ಕಂಡಿದ್ದರಂತೆ. ಸುತ್ತಲೂ ಕೇಳುತ್ತಾ ಹೋದಂತೆ, ತನ್ನ ಗಾಯವನ್ನು ತಾನೇ ಮೊದಲು ನೋಡಿದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ವೈದ್ಯರಿಗೆ ನರದ ಸ್ಪರ್ಶ ಹೋಗುತ್ತದೆ ಅಂತ ಚೆನ್ನಾಗಿಯೇ ಗೊತ್ತು. ಅದನ್ನು ಅಳೆಯಲು 10 ಗ್ರಾಂ ಒತ್ತಡದ ಒಂದು ಸಣ್ಣ ನೈಲಾನ್ ಎಳೆ ಇದೆ. ಅದನ್ನು ಪಾದಕ್ಕೆ ಬಾಗುವ ತನಕ ಒತ್ತಿ, ಗೊತ್ತಾಯ್ತಾ ಅಂತ ಕೇಳುತ್ತಾರೆ. ಗೊತ್ತಿದ್ದೂ ಪ್ರಶ್ನೆ ಬರೆಯುವಾಗ ಅದು ಯಾರಿಗೂ ಹೊಳೆದಿರಲಿಲ್ಲ. ಗಾಯದ ಜೊತೆ ಒಂದೇ ಮನೆಯಲ್ಲಿ ಬದುಕಿದವರಿಗೆ ಮಾತ್ರ ಅದು ಮೊದಲ ಮಾತು.

ಆ ಒಂದು ಪ್ರಶ್ನೆ ಮೂರಾಯಿತು. ಗಾಯವನ್ನು ಮೊದಲು ಕಂಡವರು ಯಾರು? ಕಂಡಾಗ ಅದು ಹೇಗಿತ್ತು, ಒಣಗಿತ್ತಾ, ನೀರು ಅಥವಾ ಕೀವು ಬರುತ್ತಿತ್ತಾ, ವಾಸನೆ ಇತ್ತಾ? ಕಂಡ ಎಷ್ಟು ದಿನಕ್ಕೆ ಆಸ್ಪತ್ರೆಗೆ ಹೋದಿರಿ? ಅಷ್ಟೇ ಅಲ್ಲ, "ತಡ" ಅನ್ನುವ ಪದಕ್ಕೂ ಎರಡು ಅರ್ಥ ಮಾಡಬೇಕಾಯಿತು. ಕಾಣುವುದರಲ್ಲಿ ಆದ ತಡ ಬೇರೆ. ಕಂಡ ಮೇಲೆ ಹೋಗುವುದರಲ್ಲಿ ಆದ ತಡ ಬೇರೆ. ಮೊದಲನೆಯದಕ್ಕೆ ರೋಗಿಯನ್ನು ಬೈದು ಏನೂ ಪ್ರಯೋಜನವಿಲ್ಲ.

ನಾಳೆಯಿಂದಲೇ ಹೊಸ ಪ್ರಶ್ನೆ ಕೇಳಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಪ್ರಶ್ನಾವಳಿಯಲ್ಲಿ ಬದಲಾವಣೆ ಆದರೆ ಅದು ಮತ್ತೆ ಎಥಿಕ್ಸ್ ಕಮಿಟಿಗೆ, ಅಂದರೆ ಭಾಗವಹಿಸುವವರಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಸಮಿತಿಗೆ, ಹೋಗಬೇಕು, ಅವರು ಒಪ್ಪಿದ ಮೇಲೆಯೇ ಬಳಸಬೇಕು. ವಾರಗಳು ಹಿಡಿದವು. ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. "ನಾವೇ ಒಪ್ಪಿದೀವಲ್ಲ, ಇನ್ನು ಅವರದೇನು?" ಅಂದರು.

ಆಗ ನನಗೆ ಎರಡು ಗುಂಪುಗಳ ಕೆಲಸ ಬೇರೆ ಬೇರೆ ಅಂತ ಅರ್ಥವಾಯಿತು. ನಮ್ಮದು ಸಮುದಾಯ ಸಲಹಾ ಗುಂಪು. ಈ ಅಧ್ಯಯನ ಜನರಿಗೆ ಅರ್ಥವಾಗುತ್ತದೆಯೇ, ಗೌರವದಿಂದ ನಡೆಯುತ್ತದೆಯೇ, ಉಪಯೋಗಕ್ಕೆ ಬರುತ್ತದೆಯೇ ಅಂತ ನೋಡುತ್ತೇವೆ. ಎಥಿಕ್ಸ್ ಕಮಿಟಿ ಅಧ್ಯಯನದಿಂದ ದೂರ ನಿಂತು ನೋಡುತ್ತದೆ. ಬೇಡ ಅನ್ನುವ ಅಧಿಕಾರ ಅದಕ್ಕಿದೆ. ಸಂಶೋಧಕರ ಜೊತೆ ದಿನವೂ ಕೂತು, ಅವರನ್ನು ಇಷ್ಟಪಡಲು ಶುರು ಮಾಡಿದ ನಮ್ಮಂಥವರಿಗೆ ಆ ದೂರ ಇರುವುದಿಲ್ಲ.

ಈ ದೂರ ಯಾಕೆ ಬೇಕು ಅನ್ನುವುದಕ್ಕೆ ಟಸ್ಕೀಗಿ ಅಧ್ಯಯನದ ಕಥೆ ಹೇಳಿದರು. ಅಮೆರಿಕದ ಅಲಬಾಮಾ ರಾಜ್ಯ. 1932ರಿಂದ 1972ರವರೆಗೆ, 40 ವರ್ಷ. ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು, ಅದು ಇಲ್ಲದ 201 ಜನರನ್ನು ಸರ್ಕಾರದ ಆರೋಗ್ಯ ಇಲಾಖೆ ಗಮನಿಸುತ್ತಾ ಹೋಯಿತು. ಅವರಿಗೆ ಇದ್ದ ಕಾಯಿಲೆ ಏನು ಅಂತ ಹೇಳಲಿಲ್ಲ. 1940ರ ದಶಕದ ಕೊನೆಗೆ ಅದನ್ನು ವಾಸಿಮಾಡುವ ಪೆನ್ಸಿಲಿನ್ ಎಲ್ಲೆಡೆ ಸಿಗುತ್ತಿತ್ತು, ಆದರೂ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ ನಿಂತಿತು. 1974ರಲ್ಲಿ ಸಂಶೋಧನೆಯಲ್ಲಿ ಭಾಗವಹಿಸುವವರನ್ನು ಕಾಪಾಡಲು ಕಾನೂನು ಬಂತು. 1979ರಲ್ಲಿ ಸಂಶೋಧನೆಯ ನೀತಿಯ ಬಗ್ಗೆ ಬಂದ ಬೆಲ್ಮಾಂಟ್ ವರದಿ ಮೂರು ಮಾತು ಹೇಳಿತು: ವ್ಯಕ್ತಿಗೆ ಗೌರವ, ಒಳಿತು ಮಾಡುವುದು, ನ್ಯಾಯ.

ಈ ಕಥೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಬ್ಬ ನರ್ಸ್. ಯೂನಿಸ್ ರಿವರ್ಸ್. ಅವರೂ ಕಪ್ಪು ಜನಾಂಗದವರೇ, ಆ ಜನರ ನಡುವೆಯೇ ಇದ್ದವರು. ಅವರ ಮೇಲಿನ ನಂಬಿಕೆಯಿಂದಲೇ ಆ ಗಂಡಸರು ವರ್ಷ ವರ್ಷ ತಪಾಸಣೆಗೆ ಬರುತ್ತಿದ್ದರು. ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದವರೂ ಅವರೇ. ಈಗಿನ ಮಾತಿನಲ್ಲಿ ಹೇಳುವುದಾದರೆ ಅವರದು ಸಮುದಾಯ ಸಂಪರ್ಕ ಮಾಡುವವರ ಕೆಲಸ. ಅಂದರೆ ನನ್ನ ಕೆಲಸಕ್ಕೆ ಬಹಳ ಹತ್ತಿರದ್ದು. ಜನ ನನ್ನನ್ನು ನಂಬುತ್ತಾರೆ ಅಂತಲೇ ನನ್ನನ್ನು ಕರೆದಿದ್ದಾರೆ. ಆ ನಂಬಿಕೆ ಯಾರ ಉಪಯೋಗಕ್ಕೆ ಹೋಗುತ್ತಿದೆ ಅಂತ ನಾನು ಕೇಳದೇ ಹೋದರೆ? ಕಮಿಟಿಯ ಪತ್ರ ಬರುವವರೆಗೆ ಕಾಯುವುದು ನನಗೆ ಆಮೇಲೆ ಯಾವತ್ತೂ ಭಾರ ಅನ್ನಿಸಲಿಲ್ಲ.

ಒಪ್ಪಿಗೆ ಪತ್ರದ ಕೆಲಸ ಆಮೇಲೆ ಬಂತು. ಅದು ಐದು ಪುಟ ಇತ್ತು. "ಈ ಅಧ್ಯಯನದಿಂದ ನಿಮಗೆ ನೇರ ಲಾಭ ಇಲ್ಲದಿರಬಹುದು" ಅನ್ನುವ ಸಾಲು ಮೂರನೇ ಪುಟದ ನಡುವೆ ಇತ್ತು. ನಾನು ಅದನ್ನು ಮನೆಯಲ್ಲಿ ಅಪ್ಪನಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಸರಿ, ಇವರು ಬಂದ್ರೆ ನನ್ನ ಕಾಲು ಪೂರ್ತಿ ವಾಸಿಯಾಗುತ್ತೆ ಅನ್ನು," ಅಂದರು.

ಐದು ಪುಟ ಓದಿದ ಮೇಲೆ ಅವರು ಹಿಡಿದುಕೊಂಡದ್ದು ಅದೊಂದೇ. ಅದು ಅವರ ತಪ್ಪಲ್ಲ. ಬಿಳಿ ಕೋಟು, ಆಸ್ಪತ್ರೆಯ ಹೆಸರು, ಕಾಲಿನ ಮಾತು, ಇಷ್ಟು ಕಂಡರೆ ಯಾರಿಗಾದರೂ ಇದು ಚಿಕಿತ್ಸೆ ಅಂತಲೇ ಅನ್ನಿಸುತ್ತದೆ. ಸಂಶೋಧನೆಯನ್ನು ಚಿಕಿತ್ಸೆ ಅಂದುಕೊಳ್ಳುವ ಈ ತಪ್ಪು ತಿಳಿವಳಿಕೆಗೆ ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಜೊತೆಯವರು 1982ರಲ್ಲೇ ಹೆಸರು ಕೊಟ್ಟಿದ್ದಾರೆ. ನನಗೆ ಮಾತ್ರ ಅದು ಅಪ್ಪನ ಮುಖದಲ್ಲಿ ಕಂಡಿತು. ಗ್ರೂಪಿನಲ್ಲಿ ಹೇಳಿದೆ. ಆ ಸಾಲನ್ನು ಮೊದಲ ಪುಟಕ್ಕೆ ತಂದೆವು, ದೊಡ್ಡ ಅಕ್ಷರದಲ್ಲಿ. "ಇದು ಚಿಕಿತ್ಸೆ ಅಲ್ಲ. ನಿಮ್ಮ ಅನುಭವ ತಿಳಿದುಕೊಳ್ಳಲು ಬಂದಿದ್ದೇವೆ. ನೀವು ಬೇಡ ಅಂದರೂ ನಿಮ್ಮ ಚಿಕಿತ್ಸೆ ಈಗ ಇರುವ ಹಾಗೆಯೇ ನಡೆಯುತ್ತದೆ." ಆಮೇಲೆ ಸುಮ್ನೆ ಸೈನ್ ಕೇಳುವ ಬದಲು, "ನಿಮಗೆ ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳ್ತೀರಾ?" ಅಂತ ಕೇಳುವುದು ಅಂತ ಮಾಡಿದೆವು. ಅಪ್ಪ ಎರಡು ದಿನ ಯೋಚಿಸಿದರು. "ನನಗಲ್ಲ, ಮುಂದೆ ಬರೋರಿಗೆ. ಆಗಲಿ," ಅಂದು ಸೈನ್ ಮಾಡಿದರು.

ಅದೇ ಸಮಯದಲ್ಲಿ ಅಧ್ಯಯನ ನಡೆಯುವ ಭಾಗದ ಮುಖಂಡರೊಬ್ಬರು, "ಒಬ್ಬೊಬ್ಬರ ಹತ್ತಿರ ಯಾಕೆ ಹೋಗ್ತೀರಿ, ನಾನು ಹೇಳಿದ್ರೆ ಎಲ್ಲರೂ ಬರ್ತಾರೆ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇಂಥವರನ್ನು ಸಂಶೋಧಕರು ಗೇಟ್‌ಕೀಪರ್ ಅನ್ನುತ್ತಾರೆ. ಅವರು ಬಾಗಿಲು ತೆರೆಯಬಹುದು. ಆದರೆ ಮನೆಯೊಳಗಿನವರ ಪರವಾಗಿ ಹೂಂ ಅನ್ನಲು ಅವರಿಗೆ ಹಕ್ಕಿಲ್ಲ. ಮುಖಂಡರ ಅನುಮತಿ ಇದ್ದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿಯೇ ಪಡೆಯಬೇಕು ಅಂತ ಆರೋಗ್ಯ ಸಂಶೋಧನೆಯ ನೀತಿಯ ಬಗ್ಗೆ ಇರುವ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಇದನ್ನು ಅವರಿಗೆ ಬೇಸರವಾಗದ ಹಾಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಷ್ಟವಾಯಿತು. ಕೊನೆಗೆ ಒಪ್ಪಿದರು.

ನಮ್ಮಲ್ಲಿ ಇಬ್ಬರು ಸಮುದಾಯ ಸಂಶೋಧಕರಾಗಿ ತರಬೇತಿ ಪಡೆದರು. ಸಲಹೆ ಕೊಡುವವರಿಗಿಂತ ಇದು ಬೇರೆ ಕೆಲಸ. ಇವರು ಮನೆಗಳಿಗೆ ಹೋಗಿ ಸಂದರ್ಶನ ಮಾಡುತ್ತಾರೆ, ಬರೆದುಕೊಳ್ಳುತ್ತಾರೆ, ಸಂಬಳ ಪಡೆಯುತ್ತಾರೆ. ಪರಿಚಯದವರು ಬಂದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅನ್ನುವುದು ನಿಜ. ಪರಿಚಯದವರು ಅನ್ನುವ ಕಾರಣಕ್ಕೇ ಬಾಯಿ ಮುಚ್ಚಿಕೊಳ್ಳುವವರೂ ಇದ್ದಾರೆ. ಒಬ್ಬ ಹೆಂಗಸು ಬಾಗಿಲಲ್ಲೇ, "ನೀನು ಬೇಡಮ್ಮ, ಬೇರೆ ಯಾರನ್ನಾದ್ರೂ ಕಳಿಸು. ನಾಳೆ ನೀನು ನನ್ನ ಮುಖ ನೋಡ್ತೀಯ," ಅಂದರಂತೆ. ಅಂದಿನಿಂದ ಯಾರು ಬರಬೇಕು ಅಂತ ಭಾಗವಹಿಸುವವರನ್ನೇ ಮೊದಲು ಕೇಳುವುದು ಶುರುವಾಯಿತು. ಗೋಪ್ಯತೆ ಅನ್ನುವ ಪದದ ಅರ್ಥವನ್ನು ನಮಗೆಲ್ಲ ಸರಿಯಾಗಿ ಕಲಿಸಿದ್ದು ಆ ಹೆಂಗಸು.

ಪದಗಳ ಬಗ್ಗೆ ಇಷ್ಟು ಹಠ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಈ ಹಠ ನನಗಿಂತ ಹಳೆಯದು. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಇದ್ದ ಒಂದಷ್ಟು ಜನ ಸೇರಿ ಒಂದು ಹೇಳಿಕೆ ಬರೆದರು. ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಾವು ಏಡ್ಸ್ ಇರುವ ಮನುಷ್ಯರು ಅಂದರು. ತೀರ್ಮಾನ ಆಗುವ ಪ್ರತಿ ಹಂತದಲ್ಲೂ ನಮಗೆ ಜಾಗ ಬೇಕು ಅಂದರು. ಹೆಸರು ಬದಲಿಸಿ ಅನ್ನುವುದೂ ಜಾಗ ಕೊಡಿ ಅನ್ನುವುದೂ ಒಂದೇ ಕಾಗದದಲ್ಲಿತ್ತು. ವೈದ್ಯಕೀಯ ಸಂಶೋಧನೆಯ ನೀತಿಯ ದೊಡ್ಡ ದಾಖಲೆ ಹೆಲ್ಸಿಂಕಿ ಘೋಷಣೆ. ಅದು ಬಂದದ್ದು 1964ರಲ್ಲಿ. ಸಂಶೋಧನೆಗೆ ಒಳಪಡುವವರನ್ನು ಅದು "ಸಬ್ಜೆಕ್ಟ್" ಅಂತ ಕರೆಯುತ್ತಿತ್ತು. 2024ರ ತಿದ್ದುಪಡಿಯಲ್ಲಿ ಆ ಪದ ತೆಗೆದು "ಪಾರ್ಟಿಸಿಪೆಂಟ್" ಅಂತ ಮಾಡಿದರು. 60 ವರ್ಷ ಹಿಡಿಯಿತು.

ಮಾಹಿತಿ ಯಾರದು ಅನ್ನುವ ಮಾತೂ ಬಂತು. ಅಮೆರಿಕದ ಹವಾಸುಪೈ ಬುಡಕಟ್ಟಿನವರು 1990ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಸಂಶೋಧನೆಗೆ ಅಂತ ರಕ್ತ ಕೊಟ್ಟಿದ್ದರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ಬಂದರು ಅನ್ನುವುದರ ಬಗ್ಗೆ ಬಳಸಿದ್ದು ಆಮೇಲೆ ಅವರಿಗೆ ಗೊತ್ತಾಯಿತು. ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿ ಆಯಿತು, ಪರಿಹಾರದ ಜೊತೆ ಉಳಿದ ರಕ್ತದ ಮಾದರಿಗಳನ್ನೂ ವಾಪಸ್ ಪಡೆದರು. ಈ ಕಥೆ ಕೇಳಿದ ಮೇಲೆ ನಮ್ಮ ಒಡಂಬಡಿಕೆಯಲ್ಲಿ ಒಂದು ಸಾಲು ಸೇರಿತು. ಈ ಮಾಹಿತಿಯನ್ನು ಬೇರೆ ಅಧ್ಯಯನಕ್ಕೆ ಬಳಸಬೇಕಾದರೆ ಗ್ರೂಪಿನ ಮುಂದೆಯೂ ಬರಬೇಕು, ಎಥಿಕ್ಸ್ ಕಮಿಟಿಯ ಮುಂದೆಯೂ ಹೋಗಬೇಕು. ಕಾಲಿನ ಫೋಟೋಗಳಿಗೂ ಇದೇ ನಿಯಮ.

ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಅನ್ನುವುದು ಬೇಗ ಮುಗಿಯಿತು. ಬರವಣಿಗೆಯಲ್ಲಿ ನಿಜವಾಗಿ ಕೈ ಹಾಕಿ, ಕೊನೆಯ ಪ್ರತಿಯನ್ನು ಓದಿ ಒಪ್ಪಿ, ಅದಕ್ಕೆ ಜವಾಬ್ದಾರಿ ಹೊರುವವರು ಲೇಖಕರು. ಉಳಿದವರಿಗೆ ಕೃತಜ್ಞತೆ. ನಮ್ಮಲ್ಲಿ ಇಬ್ಬರು ಲೇಖಕರಾಗಲು ಒಪ್ಪಿದರು. ನಾನು ಆಗಲಿಲ್ಲ. ಅಪ್ಪನ ಮಾಹಿತಿ ಅದರಲ್ಲಿದೆ, ನನ್ನ ಹೆಸರು ಹಾಕಿದರೆ ಅವರು ಯಾರು ಅಂತ ಪರಿಚಯದವರಿಗೆ ಗೊತ್ತಾಗಿಬಿಡುತ್ತದೆ.

ಅಂಕಿಗಳು ಇನ್ನೂ ಪ್ರಕಟವಾಗಿಲ್ಲ. ಹಾಗಾಗಿ ಇಲ್ಲಿ ಬರೆಯುವಂತಿಲ್ಲ. ಆದರೆ ಭಾಗವಹಿಸಿದವರಿಗೆ ಮೊದಲು ಹೇಳಬೇಕು, ಸಂಶೋಧನಾ ಪತ್ರಿಕೆಗೆ ಆಮೇಲೆ ಅಂತ ನಾವು ಮೊದಲೇ ಬರೆಸಿದ್ದೆವು. ಅದರಂತೆ ಸಭೆ ಕರೆದೆವು. ಬರಲು ಆಗದವರ ಮನೆಗೆ ಇಬ್ಬಿಬ್ಬರು ಹೋದೆವು. ಅಂಕಿಗಳನ್ನು ಚಿತ್ರದಲ್ಲಿ ತೋರಿಸಿದರು. ಸಂಶೋಧಕಿ "ಗಾಯವನ್ನು ಮೊದಲು ಕಂಡವರು ಯಾರು" ಅನ್ನುವ ಪುಟಕ್ಕೆ ಬಂದಾಗ ಹಿಂದೆ ಕೂತಿದ್ದ ಒಬ್ಬ ಹೆಂಗಸು ಕೈ ಎತ್ತಿದರು.

"ಮಗಳು, ಹೆಂಡತಿ, ಮೊಮ್ಮಗಳು ಅಂತೆಲ್ಲ ಇದೆ. ನಾನು ಒಬ್ಬಳೇ ಇರೋದು. ನನ್ನ ಪಾದದ ಅಡಿ ಯಾರು ನೋಡಬೇಕು?"

ಸಂಶೋಧಕಿ ಉತ್ತರ ಕೊಡಲಿಲ್ಲ. ಅವರ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಅವರು ಆ ಪ್ರಶ್ನೆಯನ್ನು ಆ ಹೆಂಗಸಿನ ಮಾತಿನಲ್ಲೇ ಬೋರ್ಡಿನ ಮೇಲೆ ಬರೆದರು.

ಮುಂದಿನ ಯೋಜನೆಯ ಅರ್ಜಿಯನ್ನು ಈಗ ಬರೆಯುತ್ತಿದ್ದೇವೆ. ಹಣ ಇನ್ನೂ ಕೇಳಿಲ್ಲ, ಹೆಸರು ಇನ್ನೂ ಇಟ್ಟಿಲ್ಲ. ಮೊದಲ ಪುಟದಲ್ಲಿ ಆ ಪ್ರಶ್ನೆ ಮಾತ್ರ ಇದೆ. ಕಳೆದ ವಾರ ಆ ಹೆಂಗಸಿಗೆ ಫೋನ್ ಮಾಡಿ, ಮೀಟಿಂಗಿಗೆ ಬರುತ್ತೀರಾ ಅಂತ ಕೇಳಿದೆ. "ಯಾವ ಕಾಗದಕ್ಕೆ ಸೈನ್ ಮಾಡಬೇಕು?" ಅಂದರು. ಇನ್ನೂ ಯಾವುದಕ್ಕೂ ಬೇಡ, ಮೊದಲು ಬಂದು ಕೂರಿ, ಎರಡು ಕಾಗದ ಇದೆ, ಯಾವುದು ಏನು ಅಂತ ನಾನೇ ಓದಿ ಹೇಳುತ್ತೇನೆ ಅಂದೆ.